ಮೊದಲು ನೀರಿಂದು ಹೇಳ್ರಿ

ಪ್ರವಾಸ ಅಂದರೆ ವನದುರ್ಗದ ಮಾಸ್ತರರಿಗೆ ಮೊದಲು ಬೇಕಾಗುವುದು ಹಾಳೆ ಮತ್ತು ಸ್ಕೇಲು. ಗಣಿತ ಕಲಿಸಿ ನಿವೃತ್ತರಾದವರು. ಗೆರೆ ಎಳೆದು ಊರು, ಹೊತ್ತು, ಖರ್ಚು ಎಂದು ಕಾಲಂ ಮಾಡದೆ ಶಹಾಪುರದ ಸಂತೆಗೂ ಹೋದವರಲ್ಲ. ಈ ಸಲದ ಹಾಳೆಯ ತಲೆಬರಹ ಮಾತ್ರ ತುಸು ಭಾರದ್ದು: ‘ನಮ್ಮ ಸೀಮೆಗೆ ಮೊದಲು ಬಂದವರ ಜಾಗಗಳು’. ಕಾರಣ ಬೆಂಗಳೂರಿನ ಮೊಮ್ಮಗಳು. ಯಾವುದೋ ಸಿನಿಮಾದಲ್ಲಿ ಜನ ಗಾಡಿ ಕಟ್ಟಿಕೊಂಡು ಮರುಭೂಮಿ ದಾಟಿ ಊರು ಕಟ್ಟಿದ್ದನ್ನು ನೋಡಿ, ‘ಅಜ್ಜಾ, ನಿಮ್ಮೂರೂ ಡೆಸರ್ಟಾ?’ ಎಂದು ಫೋನಿನಲ್ಲಿ ಕೇಳಿದ್ದಳು. ಏಪ್ರಿಲ್ ಬಂತೆಂದರೆ ನಲವತ್ತು ಡಿಗ್ರಿ ದಾಟುವ ಊರಿನವರು ಈ ಪ್ರಶ್ನೆಗೆ ಸಿಟ್ಟಾಗುವ ಹಾಗಿಲ್ಲ. ನಮ್ಮಲ್ಲೂ ಅಂಥವರು ಬಂದಿದ್ದರು, ರಜೆಗೆ ಬಾ, ತೋರಿಸುತ್ತೇನೆ ಎಂದು ಅಜ್ಜ ಮಾತು ಕೊಟ್ಟುಬಿಟ್ಟರು.

ಹಾಳೆ ನೋಡಿದ ಅವರ ಹೆಂಡತಿ, ‘ಎಲ್ಲಾ ಬರದೀರಿ ಖರೆ, ಮೊದಲು ನೀರಿಂದು ಹೇಳ್ರಿ’ ಅಂದರು. ಕೂಸಿನ್ನ ಕರಕೊಂಡು ಬಿಸಲಾಗ ಹೋಗೂದು, ಎಲ್ಲೆಲ್ಲಿ ನೀರು ಸಿಗತಾವ ಬರೀರಿ ಅಂತ. ಮಾಸ್ತರರು ನಾಲ್ಕನೆಯ ಕಾಲಂ ಎಳೆದರು. 

ಶುರು ಮನೆಯಿಂದಲೇ. ವನದುರ್ಗದ ಕೋಟೆ ಸುರಪುರದ ನಾಯಕರದು. ಗುಡ್ಡದ ಮೇಲಲ್ಲ, ಬಯಲಿನಲ್ಲಿ ಕಟ್ಟಿದ್ದು. ಎತ್ತರದ ಆಸರೆ ಇಲ್ಲದ ಕೋಟೆಗೆ ಕಂದಕವೇ ಕಾವಲು. ಮೊಮ್ಮಗಳಿಗೆ ತೋರಿಸಲು ಬುರುಜು, ಗೋಡೆ ಇವೆ; ನಡೆದುಕೊಂಡೇ ಹೋಗಿ ಬರಬಹುದು; ನೀರು ಮನೆಯ ಹರವಿಯದು. ಈ ಸಾಲನ್ನು ಅವರು ಸಲೀಸಾಗಿ ಬರೆದು ಮುಂದೆ ಹೋದರು.

ಆದರೆ ನಾಯಕರು ಮೊದಲು ಬಂದವರಲ್ಲವಲ್ಲ. ಅವರಿಗಿಂತ ಹಿಂದೆ ಯಾರು ಎಂದು ಹೋದರೆ ದಾರಿ ಹುಣಸಗಿಗೆ ಮುಟ್ಟುತ್ತದೆ, ಅಲ್ಲಿಂದ ಇಸಾಂಪುರಕ್ಕೆ. ಕೋಟೆ ಕೊತ್ತಲ ನಿರೀಕ್ಷಿಸಿ ಅಲ್ಲಿಗೆ ಹೋದವರಿಗೆ ನಿರಾಸೆ ಖಂಡಿತ. ಇರುವುದು ಹೊಲ ಮತ್ತು ಸುಣ್ಣದ ಕಲ್ಲು. ಆ ಕಲ್ಲಿನ ಹಾಸನ್ನೇ ಒಡೆದು, ಕೈಗೊಡಲಿ ಮಾಡಿಕೊಳ್ಳುತ್ತಿದ್ದ ಆದಿಮಾನವರ ಕಾರ್ಖಾನೆ ಅದು. ಬೇಕಾದ ಕಲ್ಲು ಅಲ್ಲೇ, ಒಡೆದ ಚಕ್ಕೆಯೂ ಅಲ್ಲೇ, ಅರ್ಧಕ್ಕೆ ಬಿಟ್ಟ ಕೆಲಸವೂ ಅಲ್ಲೇ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1997ರಿಂದ ಕೆಲವು ವರ್ಷ ಇಲ್ಲಿ ಉತ್ಖನನ ನಡೆಸಿದರು. ಸಿಕ್ಕ ಪ್ರಾಣಿಗಳ ಹಲ್ಲುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಹೊರಬಿದ್ದ ವಯಸ್ಸು ಸುಮಾರು 12 ಲಕ್ಷ ವರ್ಷ. ಮಾಸ್ತರರು ಸೊನ್ನೆಗಳನ್ನು ಎಣಿಸಿಯೇ ಬರೆದರು. ‘ಮೊದಲು ಬಂದವರು’ ಎಂಬ ತಲೆಬರಹಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಭಾರತದಲ್ಲೇ ಕೆಲವು ಕಡೆ ಮಾತ್ರ ಇದೆ.

ಪದ್ದಯ್ಯ ಆಂಧ್ರದ ಕಡೆಯವರು. 1965ರ ಸುಮಾರಿಗೆ ಪಿಎಚ್‌ಡಿಗೆಂದು ಸುರಪುರ ಸೀಮೆಗೆ ಬಂದವರು ದಶಕಗಟ್ಟಲೆ ಅದೇ ಹೊಲ, ಹಳ್ಳಗಳಲ್ಲಿ ಕಾಲು ಸವೆಸಿದರು. ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಹಳೆ ಶಿಲಾಯುಗದ ನೆಲೆಗಳನ್ನು ಒಂದೊಂದಾಗಿ ಗುರುತು ಹಾಕಿದರು. 2012ರಲ್ಲಿ ಪದ್ಮಶ್ರೀ ಬಂತು. ಆ ನೆಲೆಗಳ ನಕ್ಷೆ ಇಟ್ಟುಕೊಂಡು ಅವರು ಕೇಳಿದ ಪ್ರಶ್ನೆ ಮಾಸ್ತರರ ಹೆಂಡತಿ ಕೇಳಿದ್ದೇ: ಬೇಸಿಗೆಯಲ್ಲಿ ಇವರಿಗೆ ನೀರು ಎಲ್ಲಿತ್ತು? ಪದ್ದಯ್ಯ ಕೊಟ್ಟ ಉತ್ತರ ಇದು. ಕಣಿವೆಯಲ್ಲಿ ಬತ್ತದ ಒರತೆಗಳಿದ್ದವು. ಬಿಸಿಲು ಕಾಲದಲ್ಲಿ ಗುಂಪುಗಳೆಲ್ಲ ಹುಣಸಗಿಯ ಹತ್ತಿರ, ಆ ಒರತೆ ಹರಿಯುವ ಹಳ್ಳದ ದಂಡೆಗೆ ಬಂದು ಕೂಡುತ್ತಿದ್ದವು. ಮಳೆ ಬಿದ್ದು ಎಲ್ಲ ಕಡೆ ನೀರು, ಹಸಿರು ಆದ ಮೇಲೆ ಸಣ್ಣ ಸಣ್ಣ ತಂಡವಾಗಿ ಕಣಿವೆಯ ತುಂಬ ಚದುರುತ್ತಿದ್ದವು. ಅಂದರೆ ಲಕ್ಷಾಂತರ ವರ್ಷದ ಹಿಂದೆ ಈ ಸೀಮೆಯಲ್ಲಿ ಹಾಕಿದ ಪ್ರವಾಸದ ಪ್ಲಾನಿನಲ್ಲೂ ನೀರಿನ ಕಾಲಂ ಇತ್ತು.

ಇಸಾಂಪುರ ಬೆಳಕಿಗೆ ಬಂದದ್ದೂ ನೀರಿನ ದೆಸೆಯಿಂದಲೇ. 1982ರಲ್ಲಿ ನಾರಾಯಣಪುರದ ಬಸವಸಾಗರ ಕಟ್ಟೆ ಮುಗಿದು ಎಡದಂಡೆ ಕಾಲುವೆಯ ಕೆಲಸ ನಡೆದಿದ್ದ ಕಾಲ. ನೀರಾವರಿ ಇಲಾಖೆಯವರು ಇಲ್ಲಿಯ ಎರೆಮಣ್ಣನ್ನು ಬಗೆದು ಒಯ್ದಾಗ ಅಡಿಯಲ್ಲಿದ್ದ ಕಲ್ಲಿನ ಆಯುಧಗಳು ಮೇಲೆ ಬಂದವು. ಹನ್ನೆರಡು ಲಕ್ಷ ವರ್ಷ ಮಣ್ಣು ಹೊದ್ದು ಮಲಗಿದ್ದವರನ್ನು ಎಬ್ಬಿಸಿದ್ದು ಕೃಷ್ಣಾ ಮೇಲ್ದಂಡೆ ಯೋಜನೆ. ಇದೇ ಕಾಲುವೆ ಜೋಳ, ಸಜ್ಜೆಯ ಹೊಲಗಳನ್ನು ಭತ್ತದ ಗದ್ದೆ ಮಾಡಿತು. ಗದ್ದೆ ಮಾಡಲು ಆಂಧ್ರದಿಂದ ಕುಟುಂಬಗಳು ಬಂದು ಕ್ಯಾಂಪುಗಳಲ್ಲಿ ನೆಲೆಸಿದವು. ಗಾಡಿ ಕಟ್ಟಿಕೊಂಡು ಒಣನೆಲಕ್ಕೆ ಬಂದು ಊರು ಕಟ್ಟಿದವರನ್ನೇ ನೋಡಬೇಕು ಎಂದು ಮೊಮ್ಮಗಳು ಹಟ ಹಿಡಿದರೆ ಸಿನಿಮಾಕ್ಕೆ ಹೆಚ್ಚು ಹತ್ತಿರದವರು ಇವರೇ. ಆದರೆ ಅವರ ಮನೆಯ ಮುಂದೆ ಹೋಗಿ ‘ನೀವು ಐತಿಹಾಸಿಕ’ ಎಂದು ಹೇಳುವುದು ಹೇಗೆ? ಮಾಸ್ತರರು ಆ ಸಾಲನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟರು.

ಬೂದಿಹಾಳಕ್ಕೆ ಒಂದು ಸಾಲು ಸಾಕು. ದನ ಕಾಯ್ದುಕೊಂಡಿದ್ದ ನವಶಿಲಾಯುಗದವರು ಸೆಗಣಿ ಗುಡ್ಡೆ ಹಾಕಿ ಸುಟ್ಟ ಬೂದಿದಿಬ್ಬ, ನಾಲ್ಕು ಸಾವಿರ ವರ್ಷದ್ದು. ಅದನ್ನೂ ಅಗೆದವರು ಪದ್ದಯ್ಯನವರೇ.

ನೀರಿನ ಕಾಲಂ ತುಂಬಿಸಲು ಬಾದಶಹನೂ ಒದಗಿ ಬಂದ. ಸುರಪುರದ ಹತ್ತಿರದ ವಾಗಿನಗೇರಾ ಬೇಡ ನಾಯಕರ ಗುಡ್ಡದ ಕೋಟೆ. 1705ರ ಫೆಬ್ರವರಿಯಲ್ಲಿ 86 ವರ್ಷದ ಔರಂಗಜೇಬ್ ತಾನೇ ಬಂದು ಅದಕ್ಕೆ ಮುತ್ತಿಗೆ ಹಾಕಿದ. ಅವನು ಖುದ್ದಾಗಿ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಒಳಗಿದ್ದವನು ಪಿಡ್ಡನಾಯಕ. ಬಂದೂಕಿನ ಗುರಿಗೆ ಹೆಸರಾದ ಬೇಡರ ಪಡೆ ಫೆಬ್ರವರಿ, ಮಾರ್ಚ್, ಏಪ್ರಿಲ್ ತಡೆದು ನಿಂತಿತು. ಯಾವ ಮೂರು ತಿಂಗಳು ನೋಡಿ! ಮೊಮ್ಮಗಳನ್ನು ಹೊರಗೆ ಕರೆದೊಯ್ಯಲು ಅಜ್ಜಿ ಹೆದರುವ ಕಾಲದಲ್ಲಿ ಒಂದು ಸಾಮ್ರಾಜ್ಯವೇ ಇಲ್ಲಿ ಡೇರೆ ಹೊಡೆದಿತ್ತು. ಏಪ್ರಿಲ್ ಕೊನೆಗೆ, ಇನ್ನು ನಡೆಯದು ಅನ್ನಿಸಿದಾಗ ನಾಯಕ ರಾತ್ರೋರಾತ್ರಿ ತನ್ನವರೊಂದಿಗೆ ಜಾಗ ಖಾಲಿ ಮಾಡಿದ. ಮೊಗಲರಿಗೆ ಸಿಕ್ಕಿದ್ದು ಬರಿದಾದ ಕೋಟೆ. ಗೆದ್ದ ಬಾದಶಹ ಅಲ್ಲಿಂದ ದಿಲ್ಲಿಗೇನೂ ಹೊರಡಲಿಲ್ಲ. ಕೃಷ್ಣೆಯ ಕಡೆಗೆ ಸರಿದು ದೇವಾಪುರದಲ್ಲಿ ಬೀಡುಬಿಟ್ಟು, ಕಾಯಿಲೆ ಬಿದ್ದು, ಆರು ತಿಂಗಳಿಗೂ ಹೆಚ್ಚು ಅಲ್ಲೇ ಉಳಿದ. ಅಹಮದ್‌ನಗರ ಮುಟ್ಟಿ, 1707ರಲ್ಲಿ ತೀರಿಕೊಂಡ. ದೇವಾಪುರದ ಮುಂದಿನ ನೀರಿನ ಮನೆಯಲ್ಲಿ ಮಾಸ್ತರರು ‘ಹೊಳಿ’ ಎಂದು ಬರೆದು, ಪಕ್ಕಕ್ಕೆ ‘ಬಾದಶಹನೂ’ ಎಂದು ಸೇರಿಸಿದರು.

ಸುರಪುರದಲ್ಲಿ ಮಾತ್ರ ಅರ್ಧ ದಿನ ಬೇಕೇಬೇಕು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡದೆ ಬಂದರೆ ಊರವರು ಬಿಡುವುದಿಲ್ಲ. ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಇಲ್ಲಿ ಆಡಳಿತ ನೋಡಿಕೊಂಡವನು. ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಆ ಹುಡುಗ ದೊಡ್ಡವನಾಗಿ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಸೆರೆಸಿಕ್ಕ, ಅದೇ ವರ್ಷ ಪಿಸ್ತೂಲಿನ ಗುಂಡಿಗೆ ಸತ್ತ. ಸಂಸ್ಥಾನ ಮುಳುಗಿತು, 1860ರಲ್ಲಿ ನಿಜಾಮನ ಪಾಲಾಯಿತು. ಹನ್ನೊಂದು ವರ್ಷದ ಹುಡುಗಿಗೆ ಇದನ್ನು ಎಲ್ಲಿಂದ ಶುರುಮಾಡಿ ಹೇಳಬೇಕೆಂಬುದು ಮಾಸ್ತರರಿಗೆ ಇನ್ನೂ ಹೊಳೆದಿಲ್ಲ. ಬೋನಾಳದ ಕೆರೆಗೆ ಕರೆದುಕೊಂಡು ಹೋಗಿ, ಟೇಲರ್ ಇದರ ಕೆಲಸಕ್ಕೆ ಕೈಹಾಕಿದ್ದ ಎಂದು ತೋರಿಸಿ, ಹಕ್ಕಿ ಎಣಿಸಲು ಬಿಡುವುದು ಸುಲಭ. ಕೆರೆ ಈಗ ಪಕ್ಷಿಧಾಮ.

ಇಷ್ಟರಲ್ಲಿ ಹಾಳೆ ತುಂಬಿತ್ತು. ಬುತ್ತಿಯೂ ನಿಶ್ಚಯವಾಗಿತ್ತು: ಕಟಕರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ತತ್ರಾಣಿಯ ತುಂಬ ನೀರು. ಎಲ್ಲವನ್ನೂ ಬುಡಮೇಲು ಮಾಡಿದ್ದು ವಿಭೂತಿಹಳ್ಳಿ.

ಶಹಾಪುರದ ಹತ್ತಿರದ ಈ ಊರಿನ ಬಯಲಿನಲ್ಲಿ ದೊಡ್ಡ ದೊಡ್ಡ ಗುಂಡುಗಲ್ಲುಗಳನ್ನು ಯಾರೋ ಸಾಲುಸಾಲಾಗಿ, ಲೆಕ್ಕ ಹಿಡಿದು ಇಟ್ಟಿದ್ದಾರೆ. ಮೊದಲು ಇದನ್ನು ಬರೆದಿಟ್ಟವನು ಟೇಲರನೇ. ಸುರಪುರ ಸೀಮೆಯ ಕಲ್ಲುಗೋರಿಗಳ ಬಗ್ಗೆ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಗೆ ಲೇಖನ ಕಳಿಸಿದ್ದ. 1956ರಲ್ಲಿ ಆಲ್ಚಿನ್ ಎಂಬ ವಿದ್ವಾಂಸ ಇಂಥ ಕಲ್ಲುಸಾಲುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ. ಈಚೆಗೆ ಶ್ರೀಕುಮಾರ್ ಮೆನನ್, ಮಯಂಕ್ ವಾಹಿಯಾ ಅವರ ತಂಡ ಅಳತೆ ಮಾಡಿ, ಸೂರ್ಯ ಅಯನ ಬದಲಿಸುವ ದಿನಗಳ ಹುಟ್ಟು, ಮುಳುಗಿನ ದಿಕ್ಕಿಗೆ ಈ ಸಾಲುಗಳು ಹೊಂದುತ್ತವೆ ಎಂದಿತು. ಗಣಿತದ ಮಾಸ್ತರರ ಕಣ್ಣು ಅರಳಿತು. ಸಾಲಿನ ಗುಂಟ ಸೂರ್ಯ ಹುಟ್ಟುವುದನ್ನು ಮೊಮ್ಮಗಳು ನೋಡಬೇಕೆಂದರೆ ಏಪ್ರಿಲ್ ಉಪಯೋಗಕ್ಕೆ ಬಾರದು. ಜೂನ್ 21ಕ್ಕೆ ಮೋಡದ ಭರವಸೆ ಇಲ್ಲ. ಉಳಿದದ್ದು ಡಿಸೆಂಬರ್ 21, 22. ಕ್ರಿಸ್‌ಮಸ್ ರಜೆಗೂ ಕೂಡಿಬರುತ್ತದೆ, ಬಿಸಿಲಿನ ತಕರಾರೂ ತೀರುತ್ತದೆ. ಹೆಂಡತಿ ಒಪ್ಪಿದರು. ನೀರಿನ ಕಾಲಂ ಮಾತ್ರ ತೆಗೆಯಗೊಡಲಿಲ್ಲ.

ಕ್ರೂಸರ್ ಗಾಡಿಯವನಿಗೆ ಫೋನ್ ಹೋಯಿತು. ನಸುಕಿನ ಐದಕ್ಕೆ ವಿಭೂತಿಹಳ್ಳಿ ಎಂದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

‘ಸರ, ಡಿಸೆಂಬರಿನ್ಯಾಗ ಹತ್ತಿ ಬಿಡಸಾಕ, ತೊಗರಿ ರಾಶಿಗಿ ಆಳು ಹೊಡೀಬೇಕ್ರಿ. ಐದಕ್ಕ ಗಾಡಿ ತುಂಬಿರ್ತೈತಿ.’

‘ಕಲ್ಲಿನ ಸಾಲಿನ್ಯಾಗ ಸೂರ್ಯ ಹುಟ್ಟೂದು ನೋಡೂದೈತಪ್ಪಾ, ತಡ ಮಾಡಾಕ ಬರಂಗಿಲ್ಲ.’

‘ಹಂಗಾರ ಆಳಿನ ಜೋಡೀನ ಬರ್ರಿ. ದಾರ್ಯಾಗ ನಿಮ್ಮನ್ನ ಇಳಿಸಿ ಹೋಗ್ತೀನಿ, ಸಂಜಿಗಿ ಹೊಳ್ಳಿ ಕರಕೊಂಡು ಬರ್ತೀನಿ. ಅಡ್ವಾನ್ಸ್ ಐನೂರು ಹಾಕ್ರಿ.’

ಮಾಸ್ತರರು ಖರ್ಚಿನ ಕಾಲಂನಲ್ಲಿ 500 ಎಂದು ಬರೆದು, ಇಡೀ ದಿನ ಒಂದೇ ಜಾಗಕ್ಕೆ ಹೋದರೆ ಇಸಾಂಪುರ, ದೇವಾಪುರ ಎಲ್ಲ ಯಾವಾಗ ಎಂದು ಹೊಸ ಹಾಳೆ ಹುಡುಕತೊಡಗಿದರು.