ದಕ್ಕೆಯ ಮೇಲಿನ ಗರುಡ

ಆಸ್ಟ್ರೇಲಿಯಾದಿಂದ ಬರುವ ಕಾಂಗರೂ, ಕಡಲತೀರಗಳ ಫೋಟೋ ನೋಡಿ ನಮ್ಮ ಮಕ್ಕಳು ಬೆರಗಾಗುತ್ತಾರೆ. ಆದರೆ ಅಲ್ಲಿನ ಛಾಯಾಗ್ರಾಹಕರು ಮೆಚ್ಚಿ ಸೆರೆಹಿಡಿಯುವ ಎರಡು ಹಕ್ಕಿಗಳು ನಮ್ಮ ಮಂಗಳೂರಿನ ಕರಾವಳಿಯಲ್ಲೂ ಇವೆ.

ಒಂದು, ಗರುಡ. ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ. ಬೋಟುಗಳು ಮೀನು ತಂದಾಗ ದಕ್ಕೆಯ ಮೇಲೆ ಸುತ್ತುತ್ತಿರುತ್ತದೆ. ಇನ್ನೊಂದು, ಬಿಳಿ ಹೊಟ್ಟೆಯ ಕಡಲ ಹದ್ದು. ಇದು ಗರುಡಕ್ಕಿಂತ ದೊಡ್ಡದು, ರೆಕ್ಕೆ ಬೂದು ಬಣ್ಣ.

ಗರುಡನ ಫೋಟೋ ತೆಗೆಯಲು ಒಳ್ಳೆಯ ಜಾಗ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಕಾವಲು ಗೋಪುರದ ಮುಂದೆ ಗುರುಪುರ ನದಿ, ಆಚೆ ದಡದಲ್ಲಿ ತಣ್ಣೀರುಬಾವಿ. ಮಳೆಗಾಲ ಮುಗಿದು ಆಕಾಶ ತಿಳಿಯಾದ ಮೇಲೆ ಮಕ್ಕಳೊಂದಿಗೆ ಬೆಳಿಗ್ಗೆಯೇ ಹೋಗಿ. ನದಿ ಪಡುವಣಕ್ಕಿರುವುದರಿಂದ ಬಿಸಿಲು ನಿಮ್ಮ ಬೆನ್ನಿಗಿರುತ್ತದೆ, ರೆಕ್ಕೆಯ ಬಣ್ಣ ಚೆನ್ನಾಗಿ ಮೂಡುತ್ತದೆ. ಮೊಬೈಲ್ ಇದ್ದರೂ ಸಾಕು.

ಆದರೆ ಫೋಟೋದ ಆಸೆಗೆ ಗೂಡಿನ ಬಳಿ ಹೋಗಬೇಡಿ. ಕಡಲ ಹದ್ದು ಎತ್ತರದ ಮರದಲ್ಲಿ ಕಡ್ಡಿಗಳಿಂದ ಕಟ್ಟಿದ ಗೂಡನ್ನೇ ಸರಿಪಡಿಸಿಕೊಂಡು ಹಲವು ವರ್ಷ ಬಾಳುತ್ತದೆ. ಆ ಮರ ಉರುಳಿದರೆ ಅದರ ಮನೆಯೇ ಹೋಯಿತು. ಸಹೋದರಿಯರೇ, ಹಿತ್ತಿಲಿನ ಹಳೆಯ ಮರ ಕಡಿಸುವ ಮುನ್ನ ಒಮ್ಮೆ ತಲೆಯೆತ್ತಿ ನೋಡಿ.