ನಿಲ್ಲಿಸುವ ವಿದ್ಯೆ

ನನ್ನ ತಂಗಿಯ ಮಗನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಒಂದು ಕೆಂಪು ಕಾರನ್ನು ಕೊಂಡು ಕಮ್ಮರಡಿಗೆ ತಂದನು. ಅದು ಪಂದ್ಯದ ಜಾತಿಯ ಕಾರು. ಬೇರೊಬ್ಬರು ನಾಲ್ಕು ವರ್ಷ ಓಡಿಸಿ ಮಾರಿದುದು. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಬಾಗಿಲುಗಳು ಎರಡೇ. ಹಿಂದುಗಡೆ ಇಬ್ಬರು ಕೂರಬಹುದೆಂದು ಅದರ ಕಾಗದಪತ್ರಗಳಲ್ಲಿ ಬರೆದಿದ್ದಿತಂತೆ. ಅಲ್ಲಿ ಕುಳಿತ ಅನುಭವವುಳ್ಳ ನಾನು ಆ ಬರೆಹವನ್ನು ಕವಿಸಮಯದ ವರ್ಗಕ್ಕೆ ಸೇರಿಸುತ್ತೇನೆ.

ಅಂಗಳಕ್ಕೆ ಇಳಿಯುವ ಮಣ್ಣುದಾರಿಯಲ್ಲಿ ಅದರ ಹೊಟ್ಟೆ ಎರಡು ಸಲ ಕಲ್ಲಿಗೆ ಉಜ್ಜಿತು. ನೆರೆಹೊರೆಯ ಹುಡುಗರೆಲ್ಲ ಸುತ್ತ ನೆರೆದು, "ಎಷ್ಟು ಓಡುತ್ತದೆ? ಎಷ್ಟು ಓಡುತ್ತದೆ?" ಎಂದು ಕೇಳತೊಡಗಿದರು. ತಂಗಿ ಮಾತ್ರ ಹಣತೆಯನ್ನು ಕೈಯಲ್ಲಿ ಹಿಡಿದುಕೊಂಡೇ, "ಸರಿಯಾಗಿ ನಿಲ್ಲುತ್ತದೆಯೇನೋ?" ಎಂದು ಕೇಳಿದಳು. ಮಗನು ನಕ್ಕನು. ಆಕೆಗೆ ಇರುವವನು ಅವನೊಬ್ಬನೇ. ಅವನ ತಂದೆ ತೀರಿಕೊಂಡು ಹನ್ನೊಂದು ವರ್ಷಗಳಾದುವು. ಆದುದರಿಂದ ಆ ಪ್ರಶ್ನೆಗೆ ನಾನು ನಗಲಿಲ್ಲ. ಆದರೆ ಅದರ ಬೆಲೆಯನ್ನು ನಾನೂ ಆಗ ತಿಳಿಯಲಿಲ್ಲವೆಂದು ಒಪ್ಪಿಕೊಳ್ಳಬೇಕು.

ವೈಶಾಖದಲ್ಲಿ ಉಡುಪಿಯಲ್ಲೊಂದು ಮದುವೆ ಬಂದಿತು. ನಮ್ಮ ಕಡೆಯವರು ಘಟ್ಟವನ್ನಿಳಿದು ಉಡುಪಿಗೆ ಹೋಗಬೇಕಾದರೆ ಆಗುಂಬೆಯೇ ಬಾಗಿಲು. ಹದಿನಾಲ್ಕು ತಿರುವುಗಳು, ಒಂದು ಬದಿಗೆ ಬೆಟ್ಟದ ಗೋಡೆ, ಮತ್ತೊಂದು ಬದಿಗೆ ಮರಗಳ ತಲೆಗಳು. ತಂಗಿ ಮುಂದೆ ಕುಳಿತಳು. ನಾನು ಹಿಂದೆ ಮೊಣಕಾಲುಗಳನ್ನು ಗದ್ದಕ್ಕೆ ಆನಿಸಿಕೊಂಡು, ಮಡಿಸಿಟ್ಟ ಕಂಬಳಿಯಂತೆ ಇದ್ದೆನು. ಹುಡುಗನು ತಾಯಿಗೆ ತನ್ನ ಕೈಚಳಕವನ್ನು ತೋರಿಸುವ ಉತ್ಸಾಹದಲ್ಲಿದ್ದನು. ಎರಡು ತಿರುವುಗಳ ನಡುವಣ ತುಂಡು ದಾರಿಯಲ್ಲಿ ಕಾರನ್ನು ನುಗ್ಗಿಸುವುದು, ತಿರುವಿನ ಬಾಯಲ್ಲಿ ಗಟ್ಟಿಯಾಗಿ ತುಳಿಯುವುದು. ಮತ್ತೆ ನುಗ್ಗಿಸುವುದು, ಮತ್ತೆ ತುಳಿಯುವುದು. ಐದನೆಯ ತಿರುವು ದಾಟುವ ಹೊತ್ತಿಗೆ ಸುಟ್ಟ ವಾಸನೆ ಬಂದಿತು. ಏಳನೆಯದರಲ್ಲಿ ಅವನು ತುಳಿದ ಬ್ರೇಕು, ಕೆಸರಿನಲ್ಲಿ ಕಾಲಿಟ್ಟಂತೆ, ತಡೆಯಿಲ್ಲದೆ ನೆಲದವರೆಗೆ ಇಳಿದುಹೋಯಿತು.

ಮುಂದೆ ನಡೆದುದು ಏಳೆಂಟು ಸೆಕೆಂಡುಗಳ ಸಂಗತಿ. ಹುಡುಗನು ಗೇರನ್ನು ಎರಡಕ್ಕೆ, ಅಲ್ಲಿಂದ ಒಂದಕ್ಕೆ ಇಳಿಸಿ, ಕೈಬ್ರೇಕನ್ನು ಎಳೆದು, ಕಾರನ್ನು ಬೆಟ್ಟದ ಕಡೆಯ ಚರಂಡಿಗೆ ಒರಗಿಸಿದನು. ಎಡಬದಿಯೆಲ್ಲ ಕಲ್ಲಿಗೆ ಉಜ್ಜಿ ಕಾರು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ತಂಗಿ ಒಂದು ಮಾತನ್ನೂ ಆಡಲಿಲ್ಲ. ಮಡಿಲಲ್ಲಿದ್ದ ಉಡುಗೊರೆಯ ಸೀರೆಯ ಕಟ್ಟನ್ನು ಎರಡು ಕೈಗಳಿಂದಲೂ ಒತ್ತಿಹಿಡಿದುಕೊಂಡಿದ್ದಳು. ಅರ್ಧ ಗಂಟೆ ಕಳೆದ ಮೇಲೆ ಹುಡುಗನು ಮತ್ತೆ ತುಳಿದು ನೋಡಿದನು. ಬ್ರೇಕು ಏನೂ ಅರಿಯದ ಸಾಧುವಿನಂತೆ ಗಟ್ಟಿಯಾಗಿ ನಿಂತಿದ್ದಿತು! ನಾವು ಮಾತ್ರ ಬಸ್ಸು ಹತ್ತಿಕೊಂಡು ಮದುವೆಗೆ ಹೋದೆವು.

ಹಿಂದಿರುಗಿ ಬಂದ ರಾತ್ರಿ ತಂಗಿ ನನ್ನನ್ನು ಕರೆದು, "ಅಣ್ಣಯ್ಯ, ಅದನ್ನು ಮಾರಲು ಹೇಳು. ನಿನ್ನ ಮಾತನ್ನಾದರೆ ಕೇಳುತ್ತಾನೆ" ಎಂದಳು. ಮರುದಿನ ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಹುಡುಗನು, "ಮಾವ, ದೊಡ್ಡ ಡಿಸ್ಕು ಹಾಕಿಸುತ್ತೇನೆ. ಫ್ಲೋಟಿಂಗ್ ಡಿಸ್ಕು. ನೀವು ಅಮ್ಮನಿಗೆ ಹೇಳಿ" ಎಂದನು. ಎರಡು ಕಡೆಯ ವಕಾಲತ್ತೂ ನನ್ನ ಮೇಲೆಯೇ ಬಿದ್ದಿತು. ಇಂಥ ಸಮಯದಲ್ಲಿ ವಿವೇಕಿಯಾದವನು ಮೊದಲು ವಿಷಯವನ್ನು ಕಲಿಯುತ್ತಾನೆ. ಅಷ್ಟು ದಿನವಾದರೂ ತೀರ್ಪನ್ನು ಮುಂದೂಡಬಹುದಲ್ಲವೆ?

ಓದುಗರಲ್ಲಿ ಬಲ್ಲವರು ಕ್ಷಮಿಸಬೇಕು, ನನ್ನಂಥವರಿಗಾಗಿ ಹೇಳುತ್ತೇನೆ. ಕಾರಿನ ಚಕ್ರದೊಂದಿಗೆ ಒಂದು ಕಬ್ಬಿಣದ ಬಿಲ್ಲೆ ತಿರುಗುತ್ತಿರುತ್ತದೆ. ಕಾಲಿನಿಂದ ಒತ್ತಿದ ಬಲವು ಕೊಳವೆಯೊಳಗಿನ ಎಣ್ಣೆಯ ಮೂಲಕ ಹೋಗಿ, ಎರಡು ಪ್ಯಾಡುಗಳನ್ನು ಆ ಬಿಲ್ಲೆಯ ಎರಡು ಮಗ್ಗುಲಿಗೂ ಅದುಮುತ್ತದೆ. ಓಟದ ಶಕ್ತಿಯೆಲ್ಲ ಶಾಖವಾಗುತ್ತದೆ. ನಿಲ್ಲಿಸುವುದೆಂದರೆ ಕಾಯಿಸುವುದು, ಇಷ್ಟೆ. ಎಷ್ಟು ಶಾಖವೆಂಬುದನ್ನು ಒಂದು ಸಂಜೆ ಲೆಕ್ಕಹಾಕಿ ನೋಡಿದೆನು. ಮೂವರು ಕುಳಿತ ಕಾರಿನ ತೂಕ 1,400 ಕಿಲೋಗ್ರಾಮು, ಘಟ್ಟದ ಇಳಿತ 500 ಮೀಟರು ಎಂದು ಹಿಡಿದರೆ, ಆ ಇಳಿತದ ಶಕ್ತಿಯಿಂದ ಸುಮಾರು 22 ಲೀಟರು ತಣ್ಣೀರನ್ನು ಕುದಿಬರುವವರೆಗೆ ಕಾಯಿಸಬಹುದು. ನಮ್ಮ ಬಚ್ಚಲೊಲೆಯಲ್ಲಿ ಅಷ್ಟು ನೀರು ಕುದಿಯಬೇಕಾದರೆ ಒಂದು ಹೊರೆಗಿಂತ ಕಡಮೆ ಸೌದೆ ಸಾಲದು. ಗಾಳಿಯೂ ಎಂಜಿನ್ನೂ ಇದರಲ್ಲಿ ಸ್ವಲ್ಪ ಭಾಗವನ್ನು ಹೊರುತ್ತವೆ, ನಿಜ. ಉಳಿದುದೆಲ್ಲ ಅಂಗೈಯಗಲದ ಪ್ಯಾಡುಗಳಲ್ಲಿಯೂ ಆ ಬಿಲ್ಲೆಗಳಲ್ಲಿಯೂ ಹುಟ್ಟಬೇಕು. ಪ್ರತಿ ತಿರುವಿನ ಮುಂದೆ ನುಗ್ಗಿಸಿ ತುಳಿದರೆ ಒಲೆಗೆ ಮತ್ತಷ್ಟು ಸೌದೆ ಹಾಕಿದಂತೆ.

ಈ ಬಿಲ್ಲೆಯ ಯೋಚನೆ ಹೊಸದಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಶಿಲ್ಪಿ 1902ರಲ್ಲಿಯೇ ಇದಕ್ಕೆ ಹಕ್ಕುಪತ್ರ ಪಡೆದಿದ್ದನು. ಅವನ ತಾಮ್ರದ ಪ್ಯಾಡುಗಳು ಕಿರುಚುತ್ತಿದ್ದುವು. ಲೋಕವು ಕಿವಿ ಮುಚ್ಚಿಕೊಂಡು ಅದನ್ನು ಮರೆಯಿತು. ಅರ್ಧ ಶತಮಾನ ಕಳೆದ ಮೇಲೆ, 1953ರಲ್ಲಿ, ಫ್ರಾನ್ಸಿನ ಲೆಮಾನ್ಸ್‌ನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಡಿಸ್ಕ್ ಬ್ರೇಕುಳ್ಳ ಜಾಗ್ವಾರ್ ಕಾರು ಗೆದ್ದಿತು. ಆ ಪಂದ್ಯದಲ್ಲಿ ಸರಾಸರಿ ವೇಗವು ಗಂಟೆಗೆ ನೂರು ಮೈಲಿಯನ್ನು ದಾಟಿದುದು ಅದೇ ಮೊದಲು. ಬಲವಾದ ಎಂಜಿನ್ನುಗಳು ಉಳಿದವರಿಗೂ ಇದ್ದುವು. ಆದರೆ ತಿರುವಿನ ತೀರ ಹತ್ತಿರದವರೆಗೂ ನುಗ್ಗಿ, ಆಮೇಲೆ ನಂಬಿಕೆಯಿಂದ ತುಳಿಯುವ ಧೈರ್ಯ ಈ ಕಾರಿನವರಿಗೆ ಇದ್ದಿತು.

ಇನ್ನು 'ಫ್ಲೋಟಿಂಗ್' ಎಂಬ ವಿಶೇಷಣ. ತೇಲುವ ಕಬ್ಬಿಣವೆಂದರೇನು? ಇದು ಅರ್ಥವಾಗಬೇಕಾದರೆ ನಾನು ನನ್ನ ಬಾಲ್ಯದ ಕುಲುಮೆಗೆ ಹೋಗಬೇಕಾಯಿತು. ನಮ್ಮ ಊರಿನ ಹೆಸರನ್ನು ಹೇಳಿದಾಗಲೆಲ್ಲ ಕಿವಿಗೆ ಕಮ್ಮಾರನ ನೆನಪು ಬರುತ್ತದೆ. ನಾನು ಕಂಡ ಕಮ್ಮಾರನು ಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ತೊಡಿಸುವುದರಲ್ಲಿ ಗಟ್ಟಿಗನಾಗಿದ್ದನು. ಹಳಿಯ ಬಳೆಯನ್ನು ಚಕ್ರಕ್ಕಿಂತ ತುಸು ಕಿರಿದಾಗಿಯೇ ಮಾಡುತ್ತಿದ್ದನು. ಅದನ್ನು ನೆಲದ ಮೇಲೆ ಮಲಗಿಸಿ ಸುತ್ತಲೂ ಬೆಂಕಿ ಹಾಕಿ ಕೆಂಪಗೆ ಕಾಯಿಸುವರು. ಕಾದ ಕಬ್ಬಿಣ ಹಿಗ್ಗುವುದು. ಮೂವರು ಇಕ್ಕಳದಲ್ಲಿ ಎತ್ತಿ ಚಕ್ರಕ್ಕೆ ತೊಡಿಸಿ, ಮರ ಹೊತ್ತಿಕೊಳ್ಳುವುದಕ್ಕೆ ಮೊದಲೇ ಕೊಡಗಟ್ಟಲೆ ನೀರು ಸುರಿಯುವರು. ಕುಗ್ಗಿದ ಹಳಿಯು ಅರೆಕಾಲುಗಳನ್ನೆಲ್ಲ ನಡುವಿಗೆ ಬಿಗಿದು ಹಿಡಿಯುವುದು. ಆ ಬಿಗಿತದ ಸದ್ದು, 'ಟಕ್ ಟಕ್' ಎಂದು ಮರದ ಸಂದುಗಳು ಕೂಡುವ ಸದ್ದು, ಇಂದಿಗೂ ನನ್ನ ಕಿವಿಯಲ್ಲಿದೆ.

ಕಮ್ಮಾರನಿಗೆ ನೆಂಟನಾದ ಈ ಹಿಗ್ಗುವ ಗುಣವೇ ಬ್ರೇಕಿನ ಬಿಲ್ಲೆಗೆ ಶತ್ರು. ಸಾಧಾರಣವಾದ ಬಿಲ್ಲೆಯಲ್ಲಿ ಉಜ್ಜುವ ಬಳೆಯೂ ಚಕ್ರದ ಗುಂಬಕ್ಕೆ ಕೂರುವ ಟೋಪಿಯೂ ಒಂದೇ ಎರಕ. ಬಳೆ ಉರಿಯುತ್ತಿದ್ದರೂ ಟೋಪಿ ಅಷ್ಟು ಕಾದಿರುವುದಿಲ್ಲ. ಹಿಗ್ಗಬೇಕೆನ್ನುವ ಬಳೆಯನ್ನು ಹಿಗ್ಗದ ಟೋಪಿ ಹಿಡಿದುಕೊಳ್ಳುತ್ತದೆ. ಆಗ ಬಳೆಯು, ಅಂಚು ಎದ್ದ ದೋಸೆಯಂತೆ, ಒಂದು ಕಡೆಗೆ ಬಾಗುತ್ತದೆ. ಪ್ಯಾಡು ಅದರ ಮೈಯನ್ನೆಲ್ಲ ಮುಟ್ಟದೆ ಅಂಚನ್ನು ಮಾತ್ರ ಮುಟ್ಟುತ್ತದೆ. ತೇಲುವ ಡಿಸ್ಕಿನಲ್ಲಿ ಇವೆರಡೂ ಬೇರೆಬೇರೆ: ಬಳೆ ಕಬ್ಬಿಣದ್ದು, ಟೋಪಿ ಅಲ್ಯುಮಿನಿಯಮ್ಮಿನದು. ನಡುವೆ ಸಾಲಾಗಿ ಗೂಟಗಳಂಥ ಸಣ್ಣ ಕೀಲುಗಳಿವೆ. ಅವುಗಳ ತೂತುಗಳಲ್ಲಿ ಕೂದಲೆಳೆಯಷ್ಟು ಸಡಿಲ. ತಿರುಗುವ ಬಲವನ್ನು ಕೀಲುಗಳು ಹೊರುತ್ತವೆ. ಕಾದ ಬಳೆಯು ತನ್ನ ಪಾಡಿಗೆ ಹಿಗ್ಗಿ, ತಣಿದಾಗ ಹಿಂದಕ್ಕೆ ಬರುತ್ತದೆ. ತೂಕವೂ ಕಡಮೆ. ಇದನ್ನು ಅರಿತ ದಿನ ನನಗೆ ಆ ಮುದಿ ಕಮ್ಮಾರನಿಗೆ ಹೇಳಿಬರಬೇಕೆಂಬ ಆಸೆಯಾಯಿತು; ಆತನು ಹೋಗಿ ನಲವತ್ತು ವರ್ಷಗಳಾಗಿವೆ.

ದೊಡ್ಡದರ ಗುಣ ಇನ್ನೂ ಸುಲಭ. ಹಳೆಯ ಬಿಲ್ಲೆಯ ಅಡ್ಡಳತೆ 288 ಮಿಲಿಮೀಟರು, ಹೊಸದರದು 330. ಪ್ಯಾಡು ನಡುವಿನಿಂದ ದೂರ ಹಿಡಿದಷ್ಟೂ ಹಿಡಿತಕ್ಕೆ ಬಲ ಹೆಚ್ಚು; ಬೀಸುವ ಕಲ್ಲಿನ ಗೂಟವನ್ನು ಅಂಚಿನಲ್ಲಿ ನೆಡುವುದು ಏಕೆಂದು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದೇ ತುಳಿತಕ್ಕೆ ಸುಮಾರು ಏಳರಲ್ಲೊಂದು ಪಾಲು ಹೆಚ್ಚಿನ ತಡೆ ಸಿಕ್ಕುತ್ತದೆ. ಕಬ್ಬಿಣ ಹೆಚ್ಚಿರುವುದರಿಂದ ಕಾಯುವುದೂ ನಿಧಾನ. ಆದರೆ ಹಳೆಯ ಚಕ್ರದೊಳಗೆ ಇದು ಹಿಡಿಸದು. 17 ಅಂಗುಲದ ಚಕ್ರ ಬೇಕು, ಅದಕ್ಕೆ ತಕ್ಕ ಟೈರು ಬೇಕು. ಮುಂದಿನ ಬ್ರೇಕು ಬಲವಾಗಿ ಹಿಂದಿನದು ಹಾಗೆಯೇ ಉಳಿದರೆ ಸಮತೂಕ ಕೆಡುತ್ತದೆ. ಕಾನೂನೂ ಇದೆ: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರು ಗೊತ್ತುಮಾಡಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ಅಡ್ಡಿಮಾಡುತ್ತದೆ. ಹುಡುಗನು ಇದನ್ನೆಲ್ಲ ಓದಿಕೊಂಡು, ಅದೇ ತಯಾರಕರು ತಮ್ಮ ಹೆಚ್ಚು ಬಲದ ಮಾದರಿಗೆ ಹಾಕುವ ಸಾಮಾನನ್ನೇ ಆರಿಸಿದ್ದನು. ಬೆಲೆಯನ್ನು ಕೇಳಿ ಮಾತ್ರ ನಾನು ಎದ್ದುನಿಂತೆನು. ಆ ವರ್ಷ ನಾವು ಮಾರಿದ ಅಡಕೆಯಲ್ಲಿ ಮೂರು ಚೀಲದ ಹಣ!

ನಿರ್ಧಾರಕ್ಕೆ ಬರುವ ಮುನ್ನ ನಾನು ನಮ್ಮ ಊರಿನ ಒಬ್ಬ ಹಳೆಯ ಡ್ರೈವರರಲ್ಲಿಗೆ ಹೋದೆನು. ಅವರು ಕೊಪ್ಪದ ಸಹಕಾರ ಸಾರಿಗೆಯಲ್ಲಿ ದುಡಿದವರು. ಆ ಸಂಸ್ಥೆಯ ಸಂಗತಿಯನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಎರಡು ಮಾತು. ಶಂಕರ್ ಕಂಪನಿ ಮುಚ್ಚಿಹೋದಾಗ ಅದರ ಕೆಲಸಗಾರರೇ ಸೇರಿ ಸಹಕಾರ ಸಂಘ ಕಟ್ಟಿ 1991ರಲ್ಲಿ ಬಸ್ಸು ಓಡಿಸತೊಡಗಿದರು. ಡ್ರೈವರನೇ ಒಡೆಯ, ಕಂಡಕ್ಟರನೇ ಒಡೆಯ. ನಮ್ಮ ಕಾಡುದಾರಿಗಳ ಶಾಲೆಯ ಮಕ್ಕಳೂ ಮುದುಕರೂ ಸಂತೆಯ ಬುಟ್ಟಿಗಳೂ ಅವರ ಬಸ್ಸಿನಲ್ಲಿಯೇ ಬೆಳೆದುವು. 2020ರ ಫೆಬ್ರುವರಿಯಲ್ಲಿ ಅದು ನಿಂತುಹೋಯಿತು. ಇಂದಿಗೂ ಸಂಜೆ ತಿರುವಿನಲ್ಲಿ ದೊಡ್ಡ ಹಾರನ್ನು ಕೇಳಿದರೆ ನಮ್ಮಲ್ಲಿ ಕೆಲವರು ತಲೆಯೆತ್ತಿ ನೋಡುವುದುಂಟು.

ಆ ಹಿರಿಯರು ನನ್ನ ಕಥೆಯನ್ನೆಲ್ಲ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತ, "ಎಣ್ಣೆ ಬದಲಾಯಿಸಿ ಎಷ್ಟು ಕಾಲವಾಯಿತಂತೆ?" ಎಂದರು. ನಾನು ಹುಡುಗನನ್ನು ಕೇಳಿ ಬಂದೆನು. ಕೊಂಡ ಮೇಲೆ ಬದಲಾಯಿಸಿರಲಿಲ್ಲ. ಮೊದಲಿನವರು ಬದಲಾಯಿಸಿದ ಗುರುತೂ ಇರಲಿಲ್ಲ. "ಹಾಗಾದರೆ ಬಿಲ್ಲೆಯ ತಪ್ಪಲ್ಲ ಸ್ವಾಮಿ. ಬ್ರೇಕ್ ಎಣ್ಣೆ ನೀರು ಕುಡಿಯುತ್ತದೆ" ಎಂದರು.

ಇದು ಅಕ್ಷರಶಃ ನಿಜ. ಆ ಎಣ್ಣೆಯು ಗಾಳಿಯಲ್ಲಿರುವ ತೇವವನ್ನು ಮೆಲ್ಲಮೆಲ್ಲನೆ ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ಜಾತಿಯ ಹೊಸ ಎಣ್ಣೆ ಕುದಿಯುವುದು 230 ಡಿಗ್ರಿಗೆ ಕಡಮೆಯಿಲ್ಲದ ಶಾಖದಲ್ಲಿ. ತೇವ ಹೀರಿದ ಮೇಲೆ 155ರಲ್ಲಿಯೇ ಕುದಿಯಬಹುದು. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಕಾಲಿನ ಬಲವೆಲ್ಲ ಆ ಗುಳ್ಳೆಗಳನ್ನು ಅದುಮುವುದರಲ್ಲಿಯೇ ಮುಗಿದುಹೋಗುತ್ತದೆ. ತಣಿದ ಮೇಲೆ ಆವಿ ಮತ್ತೆ ಎಣ್ಣೆಯಲ್ಲಿ ಅಡಗಿ, ಬ್ರೇಕು ಸಾಧುವಾಗುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರು ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ, ಉಪ್ಪಿನ ಮರಿಗೆಯೂ ನೀರಾಗುವ ನಮ್ಮ ಸೀಮೆಯಲ್ಲಿ, ಈ ಎಣ್ಣೆಯು ಎಷ್ಟು ಕುಡಿದಿತ್ತೋ!

ಹಿರಿಯರು ಮತ್ತೊಂದು ಮಾತನ್ನೂ ಹೇಳಿದರು: "ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂದು ನಮಗೆ ಕಲಿಸಿದ್ದರು. ತುಂಬಿದ ಬಸ್ಸಿಗೂ ಅದೇ." ನಾನು ಇದನ್ನು ಹುಡುಗನಿಗೆ ಒಪ್ಪಿಸಿದಾಗ ಅವನ ಮುಖ ಕೆಂಪೇರಿತು. ಮೂರು ಚೀಲದ ಹಣದ ಕಾಯಿಲೆಗೆ ಒಂದು ಸೀಸೆ ಎಣ್ಣೆಯೇ ಮದ್ದೆಂದರೆ ಯಾವ ಯುವಕನಿಗೆ ತಾನೆ ಸಂತೋಷವಾದೀತು? ಬಹಳ ಹೊತ್ತು ಸುಮ್ಮನಿದ್ದು, "ತಪ್ಪು ನನ್ನದು, ಮಾವ. ಆದರೂ ಹಾಕಿಸುತ್ತೇನೆ. ಅಮ್ಮನನ್ನು ಕೂರಿಸಿಕೊಂಡು ಇಳಿಯಬೇಕಾದರೆ ನನಗೆ ಎರಡೂ ಬೇಕು" ಎಂದನು. ಮಾರೆಂದು ಹೇಳಬೇಕೆಂದು ನಾಲಗೆಯ ತುದಿಗೆ ಬಂದಿದ್ದ ಮಾತನ್ನು ನಾನು ನುಂಗಿಕೊಂಡೆನು. ಸರಿಮಾಡಿದೆನೋ ಇಲ್ಲವೋ ಎಂದು ತಂಗಿಯ ಮುಖವನ್ನು ನೋಡುವಾಗ ಎಷ್ಟೋ ದಿನ ಅಳುಕುತ್ತಿದ್ದೆನು.

ದೀಪಾವಳಿಗೆ ಕಾರು ಮತ್ತೆ ಬಂದಿತು. ಚಕ್ರದ ಸಂದುಗಳಲ್ಲಿ ಹೊಸ ಬಿಲ್ಲೆಗಳು ಬೆಳ್ಳಿಯ ತಟ್ಟೆಗಳಂತೆ ತೋರುತ್ತಿದ್ದುವು. ಅಂಗಳದ ದಾರಿಯಲ್ಲಿ ಮೆಲ್ಲನೆ ಇಳಿಯುವಾಗ ಏನೋ ಗಲಗಲ ಸದ್ದು. ನಾನು ಗಾಬರಿಯಾದೆನು. "ಅದು ಹಾಗೆಯೇ ಮಾವ, ತೇಲುವ ಡಿಸ್ಕಲ್ಲವೆ, ಕೀಲು ಅಲ್ಲಾಡುತ್ತದೆ" ಎಂದು ಹುಡುಗನು ಸಮಾಧಾನ ಹೇಳಿದನು. ತಂಗಿ, "ಎತ್ತಿನ ಗೆಜ್ಜೆಯ ಹಾಗಿದೆ" ಎಂದಳು. ಆ ಕಾರಿನ ವಿಷಯದಲ್ಲಿ ಆಕೆ ಆಡಿದ ಮೊದಲನೆಯ ಒಳ್ಳೆಯ ಮಾತು ಅದು.

ಕಾರ್ತಿಕದ ಕೊನೆಯಲ್ಲಿ ಮದುಮಗಳನ್ನು ನೋಡಿಬರಲು ಮತ್ತೆ ಘಟ್ಟವನ್ನಿಳಿದೆವು. ಬರುವುದಿಲ್ಲವೆಂದವಳು ಹೊರಡುವ ಹೊತ್ತಿಗೆ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. ನಾನು ಹಿಂದೆ ಮಡಿಸಿಕೊಂಡೆನು. ಹುಡುಗನು ಎರಡನೆಯ ಗೇರಿನಲ್ಲಿ, ಗೊಣಗುವ ಎಂಜಿನ್ನಿನ ಮೇಲೆ ಭಾರ ಹಾಕಿ, ತಿರುವಿನ ಮುಂದೆ ಮಾತ್ರ ಒಮ್ಮೆ ಒತ್ತಿ ಬಿಟ್ಟು, ತುಂಬಿದ ಬಸ್ಸಿನ ಡ್ರೈವರನಂತೆ ಇಳಿಸಿದನು. ತಂಗಿ ಬಾಯೊಳಗೆ ತಿರುವುಗಳನ್ನು ಎಣಿಸುತ್ತಿದ್ದಳು. ಏಳು ಎಂದಾಗ ಆಕೆಯ ಕೈ ಬಾಗಿಲಿನ ಹಿಡಿಯ ಮೇಲೆ ಇದ್ದುದನ್ನು ಕಂಡೆನು. ಹದಿನಾಲ್ಕು ಎಂದಳು, ಸೋಮೇಶ್ವರ ಬಂದಿತು. ಸುಟ್ಟ ವಾಸನೆಯಿರಲಿಲ್ಲ.

ಅಲ್ಲಿ ಚಹಾ ಕುಡಿಯಲು ಇಳಿದಾಗ ಆಕೆ ಮಗನನ್ನು, "ಆ ಎಣ್ಣೆಯನ್ನು ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು?" ಎಂದು ಕೇಳಿದಳು. "ಎರಡು ವರ್ಷಕ್ಕೊಮ್ಮೆ ಎನ್ನುತ್ತಾರೆ ಅಮ್ಮ." "ನಮ್ಮ ಮಳೆಗೆ ಒಂದೇ ವರ್ಷ ಸಾಕು" ಎಂದಳು. ಹಿಂದಿರುಗುವಾಗ ಉಡುಪಿಯಲ್ಲಿ ಹೊಸ ವರ್ಷದ ಕ್ಯಾಲೆಂಡರನ್ನು ಕೊಂಡಳು. ಈಗ ಅದು ಅಡಿಗೆಯ ಮನೆಯ ಗೋಡೆಯ ಮೇಲಿದೆ. ಜ್ಯೇಷ್ಠದ ಹಾಳೆಯಲ್ಲಿ ಅಡಕೆಗೆ ಕೊಳೆಯ ಔಷಧಿ ಹೊಡೆಯುವ ದಿನವನ್ನು ಗುರುತಿಸಿದ್ದಾಳೆ. ದೀಪಾವಳಿಯ ಹಾಳೆಯಲ್ಲಿ, ಕೊನೆಕೊಯ್ಲಿನ ಕೆಳಗೆ, 'ಕಾರಿನ ಎಣ್ಣೆ' ಎಂದು ಬರೆದು ಸುತ್ತಲೂ ಗೆರೆ ಎಳೆದಿದ್ದಾಳೆ.