ನಳದ ಪಾಳಿ

ಹುಬ್ಬಳ್ಳಿ-ಧಾರವಾಡದ ಮಂದಿ ಯಾವ ಮಾತು ತೆಗೆದರೂ ಕಡೆಗೆ ನಳದ ಮಾತಿಗೇ ಬರುತ್ತಾರೆ. ‘ವೈನಿ, ನಿಮ್ಮ ಓಣ್ಯಾಗ ನಳಾ ಬಂತೇನ್ರಿ?’ ಮಲಪ್ರಭೆಯ ನೀರು ಸವದತ್ತಿಯ ಜಲಾಶಯದಿಂದ ಹೊರಟು, ಅಮ್ಮಿನಬಾವಿಯ ಘಟಕದಲ್ಲಿ ಶುದ್ಧವಾಗಿ ನಮ್ಮ ಕೊಡ ತುಂಬುತ್ತದೆ. ಘಟಕದಿಂದ ಮುಂದಿನದೆಲ್ಲ ವಾಲ್ವ್ ತಿರುಗಿಸುವವನ ಕೈಯಲ್ಲಿ.

ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸುವುದಾದರೆ? ಬೇಡಿಕೆ ಸರಳವಾಗಿಯೇ ಕೇಳಿಸುತ್ತದೆ: ‘ಒಮ್ಮೆಗೆ ಒಂದೇ ಓಣಿಗೆ ನೀರು ಬಿಡ್ರಿ, ಎಲ್ಲಾರಿಗೂ ಪಾಳಿ ಸಿಗಬೇಕ್ರಿ.’ ಇದನ್ನು ಗಣಿತದ ಸ್ಪಷ್ಟತೆಯಲ್ಲಿ ಬರೆಯಲು ಕುಳಿತಾಗ ಗೊತ್ತಾಗುತ್ತದೆ, ಇದರಲ್ಲಿ ಎರಡು ಬೇರೆ ಜಾತಿಯ ಮಾತುಗಳಿವೆ. ಎರಡು ವಾಲ್ವ್ ಒಟ್ಟಿಗೆ ತೆರೆದಿರಬಾರದು ಎಂಬುದು ಸುರಕ್ಷತೆಯ ಮಾತು. ಕೆಟ್ಟದ್ದು ಎಂದೂ ಆಗಕೂಡದು. ಪ್ರತಿ ಓಣಿಗೂ ಎಂದಾದರೂ ನೀರು ಬಂದೇ ಬರಬೇಕು ಎಂಬುದು ಇನ್ನೊಂದು ಜಾತಿಯ ಮಾತು. ಒಳ್ಳೆಯದು ಎಂದಾದರೂ ಆಗಲೇಬೇಕು. ಈ ಭೇದವನ್ನು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1977ರಲ್ಲೇ ತೋರಿಸಿಕೊಟ್ಟರು. ಮೊದಲನೆಯದನ್ನು ಮಾತ್ರ ಬರೆದುಕೊಂಡರೆ ಎಲ್ಲ ವಾಲ್ವ್ ಮುಚ್ಚಿ ಕುಳಿತ ಸಾಫ್ಟ್‌ವೇರೂ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಊರಿಗೆ ಹನಿ ನೀರಿಲ್ಲದಿದ್ದರೂ!

ನನಗೆ ಎಲ್ಲಕ್ಕಿಂತ ಹಿಡಿಸುವುದು ಇದರ ಮುಂದಿನ ಹಂತ. ವಾಲ್ವ್, ಪಂಪು, ಟಾಕಿ ಇವುಗಳ ಸ್ಥಿತಿಗಳನ್ನೂ ಒಂದರಿಂದ ಇನ್ನೊಂದಕ್ಕೆ ಹೋಗುವ ನಿಯಮಗಳನ್ನೂ ಬರೆದುಕೊಟ್ಟರೆ, ಮಾದರಿ ತಪಾಸಣೆಯ (ಮಾಡೆಲ್ ಚೆಕಿಂಗ್) ಸಾಧನವು ಆಗಬಹುದಾದ ಸ್ಥಿತಿಗಳನ್ನೆಲ್ಲ ಒಂದೂ ಬಿಡದೆ ಅಡ್ಡಾಡಿ ನೋಡುತ್ತದೆ. ಆಗ ಯಾರೂ ಕೇಳದ ಪ್ರಶ್ನೆ ಹೊರಬೀಳುತ್ತದೆ: ಪಾಳಿಯ ನಡುವೆ ಕರೆಂಟ್ ಹೋದರೆ? ಕರೆಂಟ್ ಬಂದ ಮೇಲೆ ಲೆಕ್ಕ ಮೊದಲನೆಯ ಓಣಿಯಿಂದಲೇ ಶುರುವಾಗುವಂತಿದ್ದರೆ, ಕಡೆಯ ಓಣಿಗೆ ಎಂದೂ ಪಾಳಿ ಬಾರದೆ ಹೋಗಬಹುದು. ಸಾಧನ ಆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ತೋರಿಸುತ್ತದೆ. ಒಂದು ಸಾಲು ಕೋಡ್ ಬರೆಯುವುದಕ್ಕೂ ಮೊದಲೇ!

ಸಾಫ್ಟ್‌ವೇರನ್ನು ಹೀಗೆ ಗಣಿತದ ಕಟ್ಟಿಗೆ ಒಳಪಡಿಸುವುದು ಹೊಸತಲ್ಲ: ಪ್ಯಾರಿಸ್ಸಿನಲ್ಲಿ 1998ರಲ್ಲಿ ಶುರುವಾದ, ಚಾಲಕರಿಲ್ಲದ 14ನೇ ಮೆಟ್ರೊ ಮಾರ್ಗದ ಸುರಕ್ಷತಾ ಸಾಫ್ಟ್‌ವೇರನ್ನು ‘ಬಿ’ ಎಂಬ ಗಣಿತದ ಪದ್ಧತಿಯಿಂದಲೇ ಕಟ್ಟಿದರು. ರೈಲಿಗೆ ಸಂದ ಈ ಮರ್ಯಾದೆ ಕುಡಿಯುವ ನೀರಿಗೂ ಸಲ್ಲಬೇಕು.

ಆದರೆ ಸಾಧನಕ್ಕೆ ಕರೆಂಟ್ ಹೋಗುತ್ತದೆಂದು ಯಾರೋ ಹೇಳಿರಬೇಕಲ್ಲ? ಯಾವ ವಾಲ್ವ್ ಬಿಗಿ, ಎತ್ತರದ ಯಾವ ಓಣಿಗೆ ನೀರು ತಡವಾಗಿ ಏರುತ್ತದೆ ಎಂಬುದು ವಾಲ್ವ್ ತಿರುಗಿಸುವವನಿಗೆ ಗೊತ್ತು. ಅದು ಯಾವ ಟೆಂಡರ್ ಕಾಗದದಲ್ಲೂ ಸುಲಭವಾಗಿ ಸಿಗುವುದಿಲ್ಲ. ನಮ್ಮ ಎಂಜಿನಿಯರಿಂಗ್ ಹುಡುಗ ಹುಡುಗಿಯರೇ, ಸೂತ್ರ ಬರೆಯುವ ಮೊದಲು ಒಂದು ಪಾಳಿ ಪೂರ್ತಿ ಅವನ ಜೊತೆ ತಿರುಗಾಡಿ. ಅವನು ಹೇಳಿದ್ದನ್ನು ಬರೆದುಕೊಳ್ಳಿ, ಬರೆದದ್ದನ್ನು ಅವನಿಗೇ ಓದಿ ಹೇಳಿ.